ಇಲ್ಲದ ಮೆಟ್ಟಿಲು

ಚಪ್ಪಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಮ್ಮ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಚರ್ಮ ಕೊಯ್ದ ಕೈ. ಅಳತೆಪಟ್ಟಿ ಇಡದೆಯೂ ಗೆರೆ ಸೊಟ್ಟಗಾಗುತ್ತಿರಲಿಲ್ಲ. ಮಾತು ಕಡಿಮೆ. ಜೊತೆಯವರು ಹೇಗಾದರೂ ನಗಿಸಿದರೆ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು. ಮುಂದಿನ ಎರಡು ಹಲ್ಲಿರಲಿಲ್ಲ.

ಹಲ್ಲು ಹೋದದ್ದು ಮದುವೆಯಾದ ವರ್ಷ. ಗಂಡ ಹಳೇ ಲಾರಿ ಒಡೆಯುವ ಅಂಗಳದಲ್ಲಿ ಸುತ್ತಿಗೆಯ ಆಳು. ಅಂಗಳದ ಕೆಲಸವನ್ನು ಮನೆಗೂ ತರುತ್ತಿದ್ದ. ಅವತ್ತು ಊಟ ಆರಿತ್ತು, ಅಷ್ಟೇ. ಹೇಗಾಯಿತೆಂದು ದವಾಖಾನೆಯ ಕಾಂಪೌಂಡರ್ ಕೇಳಿದಾಗ ರಕ್ತದ ಜೊತೆ ಅವಳ ಬಾಯಿಂದ ಬಂದ ಮಾತು, ಮೆಟ್ಟಿಲಿಂದ ಬಿದ್ದೆ. ಅವನು ಬರೆದುಕೊಂಡ. ಆಮೇಲೆ ಪಕ್ಕೆಲುಬು, ಹುಬ್ಬು, ಎಡಗಿವಿ. ಪ್ರತಿ ಸಲವೂ ಮೆಟ್ಟಿಲೇ. ಕೊನೆಕೊನೆಗೆ ಅವನು ಕೇಳುವುದನ್ನೇ ಬಿಟ್ಟ. ಇವಳು ಬಾಗಿಲಲ್ಲಿ ಕಂಡರೆ ಪೆನ್ನು ತಾನಾಗಿ ಓಡುತ್ತಿತ್ತು. "ನಿಮ್ಮನೆ ಮೆಟ್ಟಿಲು ಬಲು ಮುಂಗೋಪಿ ಕಣಮ್ಮ" ಎಂದು ಒಮ್ಮೆ ಹೇಳಿ, ಅವಳ ಮುಖ ನೋಡಿ, ತಲೆ ತಗ್ಗಿಸಿದ್ದ.

ಮಗಳು ತನ್ನನ್ನು ಕೇಳದೆ ಹೊರದೇಶದ ಕಾಲೇಜು ಸೇರುತ್ತಿದ್ದಾಳೆಂದು ತಿಳಿದ ದಿನ ಅಪ್ಪ ಅವಳ ಬಲಗೈಯನ್ನು ಬಾಗಿಲ ಸಂದಿಯಲ್ಲಿ ಒತ್ತಿ ಹಿಡಿದು ಬಾಗಿಲು ಒದ್ದ. ಎಲುಬು ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ತಾಯಿ ಅವಳನ್ನು ದವಾಖಾನೆಗೆ ಕರೆದೊಯ್ದಳು. ಕಾಂಪೌಂಡರ್ ಎಂದಿನಂತೆ ಬರೆದ. ವೀಸಾ ಅರ್ಜಿಗೆ ಮಗಳು ಎಡಗೈಯಲ್ಲಿ ಸಹಿ ಹಾಕಬೇಕಾಯಿತು. ಅದು ಪಾಸ್‌ಪೋರ್ಟಿನ ಸಹಿಗೆ ಹೊಂದದಿದ್ದುದಕ್ಕೆ ಕಾರಣ ಇರಲೆಂದು ದವಾಖಾನೆಯ ಚೀಟಿಯನ್ನೂ ಸೇರಿಸಿದಳು.

ತಿಂಗಳ ಮೇಲೆ ನಿರಾಕರಣೆ ಬಂತು. ಮಗಳು ಕಾರ್ಖಾನೆಯ ಗೇಟಿಗೇ ಬಂದು ಓದಿ ಹೇಳಿದಳು. ಚೀಟಿಯ ಪ್ರಕಾರ ಅರ್ಜಿದಾರಳು ಮನೆಯ ಮೆಟ್ಟಿಲಿಂದ ಬಿದ್ದಿದ್ದಾಳೆ. ಅವಳೇ ಕೊಟ್ಟ ಮನೆಪತ್ರದ ಪ್ರಕಾರ ಮನೆ ನೆಲಮಟ್ಟದ ಎರಡು ಕೋಣೆ, ಮೆಟ್ಟಿಲಿಲ್ಲ. ಆದ್ದರಿಂದ ದಾಖಲೆಗಳು ನಂಬಲರ್ಹವಲ್ಲ. ಮರುಪರಿಶೀಲನೆ ಕೋರಲು ಇಪ್ಪತ್ತೆಂಟು ದಿನ.

"ಕಳಿಸೋವಾಗ ನಂಗೂ ಹೊಳೀಲಿಲ್ಲಮ್ಮ" ಎಂದಳು ಮಗಳು. "ಹುಟ್ಟಿದಾಗಿಂದ ಕೇಳಿ ಕೇಳಿ, ನಮ್ಮನೇಲಿ ಎಲ್ಲೋ ಮೆಟ್ಟಿಲಿದೆ ಅಂತಾನೇ ಆಗೋಗಿತ್ತು."

ಮಗಳು ಗೊತ್ತುಮಾಡಿದ ವಕೀಲೆ ದಾರಿ ತೋರಿಸಿದಳು. ಸುಳ್ಳು ಹೇಳಿದವರೇ ನಿಜ ಬರೆದುಕೊಡಬೇಕು, ಅದೇ ದವಾಖಾನೆಯ ಮೊಹರು ಬೇಕು. ದವಾಖಾನೆಯಲ್ಲಿ ಬರೆಸಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಯೂ ಕೊಟ್ಟಳು. ಕತ್ತರಿಯಮ್ಮ ಹತ್ತೊಂಬತ್ತು ದಿನ ಸುಮ್ಮನಿದ್ದಳು. ಬರೆದರೆ ಅವನು ಕೊಲ್ಲುತ್ತಾನೆ; ಬರೆಯದಿದ್ದರೆ ಮಗಳು ಇದೇ ಬಾಗಿಲ ಒಳಗೆ.

ಇಪ್ಪತ್ತನೆಯ ಬೆಳಿಗ್ಗೆ ಆ ಹಾಳೆ ಅವನ ಕೈಗೆ ಸಿಕ್ಕಿತು. ಅವನಿಗೆ ಓದು ಬರುತ್ತಿತ್ತು. ಮಗಳ ಮುರಿದ ಕೈಯನ್ನೇ ಹುಡುಕಿ ಹಿಡಿದು ತಿರುಚಿದ. ಕತ್ತರಿಯಮ್ಮ ನಡುವೆ ನುಗ್ಗಿದಳು. ಅವನು ಅವಳ ಕೂದಲು ಸೆಳೆದು ಹಣೆಯನ್ನು ಗೋಡೆಗೆ ಬಡಿದ. ಸುಣ್ಣ ಉದುರಿತು. ಎರಡನೆಯ ಸಲ ಗೋಡೆ ಕೆಂಪಾಯಿತು. ಮೂರನೆಯ ಸಲಕ್ಕೆ ಅವಳು ಕೆಲಸದ ಚೀಲದಿಂದ ಚರ್ಮದ ಕತ್ತಿ ತೆಗೆದು ಅವನ ಮುಂಗೈಯ ಮೇಲೆ ಎಳೆದಳು. ಗೆರೆ ಸೊಟ್ಟಗಾಗಲಿಲ್ಲ. ಅವನು ಕೂದಲು ಬಿಟ್ಟು, ತನ್ನಲ್ಲೂ ರಕ್ತವಿದೆಯೆಂದು ಈಗಷ್ಟೇ ತಿಳಿದವನಂತೆ ನೋಡುತ್ತ ನೆಲಕ್ಕೆ ಕುಳಿತ.

"ನಡಿ" ಎಂದಳು ಮಗಳಿಗೆ.

ದವಾಖಾನೆಯಲ್ಲಿ ಪೆನ್ನು ಆಗಲೇ ಓಡತೊಡಗಿತ್ತು. ಅವಳು ಪುಸ್ತಕದ ಮೇಲೆ ಅಂಗೈ ಇಟ್ಟಳು. ರಕ್ತಕ್ಕೆ ಐದು ಬೆರಳೂ ಹಾಳೆಗೆ ಅಂಟಿದವು.

"ಅದಲ್ಲ. ಗಂಡ ಹೊಡೆದ ಅಂತ ಬರಿ. ನಾನು ಕತ್ತಿ ಎಳೆದೆ, ಅದನ್ನೂ ಬರಿ. ಮಗಳ ಕೈ ಮುರಿದವನೂ ಅವನೇ. ಆಮೇಲೆ ಹಳೇ ಪುಟಗಳನ್ನ ತೆಗಿ."

"ಎಲ್ಲಾನೂ ಏನಮ್ಮ?"

"ಎಲ್ಲಾನೂ."

ಹಲ್ಲಿನಿಂದ ಹಿಡಿದು ಹನ್ನೊಂದು ಸಿಕ್ಕವು. ಹಣೆಗೆ ಹೊಲಿಗೆ ಬೀಳುತ್ತಿದ್ದಾಗಲೇ ಅವಳು ಒಂದೊಂದನ್ನೂ ತಿದ್ದಿಸಿದಳು. ಡಾಕ್ಟರು ಪ್ರತಿ ಪುಟಕ್ಕೂ ಮೊಹರು ಒತ್ತಿದರು.

ನಿರಾಕರಣೆ ರದ್ದಾಯಿತು, ಮಗಳು ಹೋದಳು. ಗಂಡನ ದೂರಿನ ಮೇಲೆ ಕತ್ತರಿಯಮ್ಮನನ್ನು ಎರಡು ಸಲ ಠಾಣೆಗೆ ಕರೆಸಿದರು, ಎರಡು ಸಲವೂ ಹೋಗಿ ಬರೆಸಿದ್ದನ್ನೇ ಹೇಳಿ ಬಂದಳು. ಅವಳೀಗ ಕಾರ್ಖಾನೆಯ ಗೋದಾಮಿನ ಮೇಲಿನ ಕೋಣೆಯಲ್ಲಿದ್ದಾಳೆ. ಹದಿಮೂರು ಮೆಟ್ಟಿಲು. ಮೂರನೆಯದು ಅಲ್ಲಾಡುತ್ತದೆ, ಸರಿಮಾಡಿಸಿ ಎಂದು ಮಾಲೀಕನಿಗೆ ಎರಡು ಸಲ ಹೇಳಿದ್ದಾಳೆ.