ಅರ್ಧ ಮೀಸೆಯ ಸಾಕ್ಷಿ

ಸಮುದ್ರಕ್ಕಿಳಿಯುವ ಬೀದಿಯ ಕೊನೆಯಲ್ಲಿ ಒಂದೇ ಒಂದು ಸಲೂನು. ಅದರ ಯಜಮಾನನಿಗೆ ಐವತ್ತು ದಾಟಿದೆ, ಮಂಡಿ ಲಟಲಟ ಎನ್ನುತ್ತದೆ, ತಲೆಯಲ್ಲಿ ತನ್ನದೇ ಕತ್ತರಿಗೆ ಕೆಲಸ ಕೊಡುವಷ್ಟೂ ಕೂದಲಿಲ್ಲ. ಊರಿನವರು ಅವನನ್ನು ಕರೆಯುವುದು ‘ಅರ್ಧ ಕಟಿಂಗ್’ ಎಂದು. ಆ ಹೆಸರನ್ನು ಅವನು ಕಷ್ಟಪಟ್ಟೇ ಸಂಪಾದಿಸಿದ್ದಾನೆ.

ಕಾರಣ ಅಂಗಡಿಯ ಕನ್ನಡಿ. ಗಿರಾಕಿಯ ಮುಖದ ಪಕ್ಕದಲ್ಲೇ ಬಾಗಿಲಿನಾಚೆಯ ಸಮುದ್ರವೂ ಅದರಲ್ಲಿ ಕಾಣುತ್ತದೆ. ದಡದಿಂದ ಕೂಗಳತೆಯಲ್ಲಿ ನೀರಿನಡಿ ಒಂದು ಬಂಡೆಸಾಲಿದೆ, ಜನರ ಬಾಯಲ್ಲಿ ಅದು ‘ಗರಗಸ’. ಆಳದಿಂದ ಬಂದ ಅಲೆ ಆ ಬಂಡೆಗೆ ತಾಗಿದ್ದೇ ತಡ, ಎರಡಾಳೆತ್ತರ ಎದ್ದು, ಮುಂದಕ್ಕೆ ಮಗುಚಿ, ಒಳಗೆ ಟೊಳ್ಳಾದ ಸುರುಳಿಯಾಗುತ್ತದೆ. ಅದರ ಕೆಳಗೆ ಮಂಡಿಮಟ್ಟದ ನೀರು, ನೀರಿನ ಕೆಳಗೆ ಹಲ್ಲುಹಲ್ಲಾದ ಕಲ್ಲು. ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್ ಕಲಿತೆವೆಂದು ಎದೆಯುಬ್ಬಿಸಿ ಹೋದವರು ಎಷ್ಟೋ ಮಂದಿ ಬೋರ್ಡನ್ನೂ ಬೆನ್ನಿನ ಚರ್ಮವನ್ನೂ ಅಲ್ಲೇ ಬಿಟ್ಟು ಬಂದಿದ್ದಾರೆ. ಪಳಗಿದವರಿಗಷ್ಟೇ ಆ ಅಲೆ. ಈ ಊರಲ್ಲಿ ಪಳಗಿದವನು ಸಲೂನಿನವನೊಬ್ಬನೇ.

ಕನ್ನಡಿಯಲ್ಲಿ ಗರಗಸ ಬೆಳ್ಳಗೆ ಎದ್ದಿತೋ, ಇವನಿಗೆ ಮೈಮೇಲೆ ಬಂದಂತಾಗುತ್ತದೆ. “ಒಂದ್ನಿಮಿಷ ಕೂತಿರಿ” ಎಂದು ಕತ್ತರಿ ಕೆಳಗಿಟ್ಟು, ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟನೆಂದರೆ ಹೊತ್ತು ಮುಳುಗುವವರೆಗೂ ಆ ನಿಮಿಷ ಮುಗಿಯುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರೆ. ಇವನಿಗೆ ಮದುವೆಯೂ ಆಯಿತು, ಹುಚ್ಚೂ ಉಳಿಯಿತು.

ಹೆಂಡತಿ ಮೊದಮೊದಲು ಅತ್ತಳು, ಆಮೇಲೆ ಬೈದಳು, ಕೊನೆಗೆ ಕತ್ತರಿ ಹಿಡಿಯಲು ಕಲಿತಳು. ಗಂಡ ನಡುವೆ ಬಿಟ್ಟುಹೋದ ತಲೆಗಳನ್ನು ಅವಳು ಪೂರ್ತಿ ಮಾಡುತ್ತಾಳೆ. ಎಡಗಡೆ ಗಂಡನದು, ಬಲಗಡೆ ಹೆಂಡತಿಯದು. ಬಲಗಡೆಯೇ ಚೆಂದ ಎಂಬುದರಲ್ಲಿ ಗಿರಾಕಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಬ್ಲೇಡನ್ನು ಮಾತ್ರ ಅವಳು ಮುಟ್ಟುವುದಿಲ್ಲ. ಮತ್ತೆ, ಗಂಡ ಅಲೆಯೇರುವುದನ್ನು ನೋಡಲು ಒಂದು ದಿನವೂ ದಡಕ್ಕೆ ಬಂದವಳಲ್ಲ.

ಅವನ ಎದೆಯಲ್ಲಿ ಮುಳ್ಳಾಗಿ ಕೂತದ್ದು ಇದೇ. ಊರೆಲ್ಲ ಹೊಗಳಿದರೇನು, ಮನೆಯವಳ ಕಣ್ಣಿಗೆ ತಾನು ಬರೀ ಕೆಲಸಗಳ್ಳ ಎಂದು ಅವನು ನಂಬಿದ್ದ. ಸುರುಳಿಯ ಹೊಟ್ಟೆ ಹೊಕ್ಕು, ಆ ತುದಿಯಿಂದ ನಿಂತುಕೊಂಡೇ ಹೊರಬರುವುದನ್ನು ಅವಳೊಮ್ಮೆ ನೋಡಿದರೆ ಸಾಕು, ಆಮೇಲೆ ಬೋರ್ಡನ್ನು ಅಟ್ಟಕ್ಕೆ ಹಾಕಿದರೂ ಚಿಂತೆಯಿಲ್ಲ. ಆದರೆ ಮಂಡಿ ಈಗೀಗ ಬಗ್ಗಿದರೆ ಏಳಲು ತಕರಾರು ತೆಗೆಯುತ್ತಿತ್ತು. ಹೆಚ್ಚು ಕಾಲ ಉಳಿದಿಲ್ಲವೆಂದು ಅವನಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿಯ ಅಣ್ಣ ಬಂದು ಕುರ್ಚಿಯಲ್ಲಿ ಕೂತ. ನೀರು ಸರಬರಾಜು ಕಚೇರಿಯ ಗುಮಾಸ್ತ, ಅಂದು ಮೇಲ್ವಿಚಾರಕನಾಗಿ ಬಡ್ತಿ ಪಡೆಯುವವನಿದ್ದ. ಹೊಸ ಹುದ್ದೆಗೆ ಹೊಸ ಮುಖ ಇರಲೆಂದು, ಕಾಲೇಜಿನ ಕಾಲದಿಂದ ಸಾಕಿದ ದಪ್ಪ ಮೀಸೆಯನ್ನು ತೆಗೆಸಲು ತೀರ್ಮಾನಿಸಿದ್ದ.

“ಯೋಚನೆ ಮಾಡಿದ್ದೀರಾ ಭಾವ? ಹೋದ್ರೆ ಹೋಯ್ತು.”

“ನಿನ್ನ ಬಾಯಿ ಸುಮ್ನಿರ್ಲಿ, ಕೈ ಕೆಲಸ ಮಾಡ್ಲಿ. ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ನಾನಲ್ಲಿರಬೇಕು.”

ನೊರೆ ಹಚ್ಚಿಯಾಯಿತು. ಎಡಮೀಸೆ ಹೋಯಿತು. ಬ್ಲೇಡು ಮೂಗಿನ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ, ಕನ್ನಡಿಯಲ್ಲಿ ಭಾವನ ಕಿವಿಯ ಪಕ್ಕ ಗರಗಸ ಎದ್ದು ನಿಂತಿತು. ಎಷ್ಟೋ ತಿಂಗಳಿಂದ ಕಾಣದ ಅಲೆ; ನೆಲದ ಕಡೆಯಿಂದ ಬೀಸುವ ಗಾಳಿಗೆ ಅದರ ಮೈ ಬಾಚಿದ ಕೂದಲಿನಂತೆ ನಯವಾಗಿತ್ತು.

“ಒಂದ್ನಿಮಿಷ ಕೂತಿರಿ ಭಾವ.”

ಭಾವ ನೊರೆ ಒರೆಸಿಕೊಂಡು ತಿರುಗುವಷ್ಟರಲ್ಲಿ ಬೋರ್ಡೂ ಇಲ್ಲ, ತಂಗಿಯ ಗಂಡನೂ ಇಲ್ಲ. ಕನ್ನಡಿಯಲ್ಲಿ ಅರ್ಧ ಗುಮಾಸ್ತ, ಅರ್ಧ ಮೇಲ್ವಿಚಾರಕ ಕೂತಿದ್ದ. ಅವನು ಕೂಗಿದ ಕೂಗಿಗೆ ಒಳಗಿಂದ ಓಡಿಬಂದ ತಂಗಿ, ನಗು ತಡೆಯಲು ಕೆಮ್ಮತೊಡಗಿದಳು.

“ಕೆಮ್ಮಿದ್ದು ಸಾಕು. ಉಳಿದಿದ್ದನ್ನ ನೀನೇ ತೆಗಿ.”

“ಬ್ಲೇಡು ನನ್ನಿಂದಾಗಲ್ಲ ಅಣ್ಣ. ಮೂಗೂ ಹೋದೀತು.”

ಅವನೇ ಕೆರೆದುಕೊಳ್ಳಬಹುದಿತ್ತು. ಆದರೆ ಆ ಸಿಟ್ಟಿನಲ್ಲಿ ಮೂಗನ್ನೇ ಕೊಯ್ದುಕೊಂಡಾನೆಂದು ತಂಗಿ ಬ್ಲೇಡು ಕಿತ್ತಿಟ್ಟಳು. “ಹಾಗಾದ್ರೆ ನಡಿ, ನಿನ್ನ ಗಂಡನ್ನ ನೀರಿಂದ ಎಳ್ಕೊಂಡು ಬರೋಣ” ಎಂದ.

“ನಾನು ಅಲ್ಲಿಗೆ ಬರಲ್ಲ.”

“ಈ ಮುಖ ಹೊತ್ಕೊಂಡು ಬೀದೀಲಿ ನಾನೊಬ್ನೇ ಹೋಗ್ಲಾ?”

ಅವಳು ಸೆರಗು ಸಿಕ್ಕಿಸಿಕೊಂಡು ಅಂಗಡಿಯ ಬಾಗಿಲೆಳೆದಳು. ಅವನು ಮುಂದೆ, ಅವಳು ಹಿಂದೆ. ಅವನ ಕೊರಳಿನ ಬಿಳಿ ಬಟ್ಟೆ ಗಾಳಿಗೆ ಪಟಪಟ ಹಾರುತ್ತಿತ್ತು.

ಬಂಡೆಸಾಲಿನಾಚೆ ಬೋರ್ಡಿನ ಮೇಲೆ ಕೂತಿದ್ದ ಸಲೂನಿನವನು ದಡದಲ್ಲಿ ಎರಡು ಆಕೃತಿಗಳನ್ನು ಕಂಡ. ಒಂದು ಕೈಬೀಸಿ ಶಾಪ ಹಾಕುತ್ತಿತ್ತು, ಅದು ಭಾವ. ಇನ್ನೊಂದು ಯಾರೆಂದು ತಿಳಿದದ್ದೇ ಅವನು ಬೋರ್ಡಿನ ಮೇಲೆ ನೆಟ್ಟಗಾದ. ಹಿಂದೆ ತಿರುಗಿ ನೋಡಿದ. ಆ ದಿನದ ದೊಡ್ಡ ಅಲೆ ಬರುತ್ತಿತ್ತು.

ಕೈಯಿಂದ ನೀರು ಬಗೆದು ಬೋರ್ಡಿನ ಮೇಲೆ ಎದ್ದು ನಿಂತ. ಮಂಡಿ ಲಟಕ್ಕೆಂದಿತು, ಅವನು ಕೇಳಿಸಿಕೊಳ್ಳಲಿಲ್ಲ. ಅಲೆಯ ಗೋಡೆಯಿಂದ ಜಾರುತ್ತಿದ್ದಂತೆ ನೀರು ತಲೆಯ ಮೇಲೆ ಮಗುಚಿ ಸೂರ್ಯನನ್ನು ಮುಚ್ಚಿತು. ಒಳಗೆಲ್ಲ ಹಸಿರು ಬೆಳಕು, ಕಾಲಡಿಯ ಕಲ್ಲಿನ ಒಂದೊಂದು ಹಲ್ಲೂ ಕಾಣುತ್ತಿತ್ತು. ಶೇವಿಂಗ್ ಆದ ಕೆನ್ನೆಯನ್ನು ಸವರಿ ನೋಡುವಂತೆ ಅವನು ಒಂದು ಕೈಯನ್ನು ನೀರಿನ ಗೋಡೆಗೆ ಆನಿಸಿದ. ಮುಂದಿದ್ದ ಬೆಳಕಿನ ಬಾಯಿ ಕಿರಿದಾಯಿತು. ಅಂಥದ್ದು ಮುಚ್ಚಿಕೊಂಡರೆ ಏನಾಗುತ್ತದೆಂದು ಅವನ ಬೆನ್ನಿನ ಹೊಲಿಗೆಗಳಿಗೆ ಚೆನ್ನಾಗಿ ಗೊತ್ತು. ಅವನು ಇನ್ನಷ್ಟು ಬಗ್ಗಿದ. ಬಾಯಿ ಮತ್ತೆ ತೆರೆಯಿತು, ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಬಂದ, ನಿಂತುಕೊಂಡೇ.

ದಡ ಮುಟ್ಟುವ ಮೊದಲೇ ಭಾವ ಮೊಣಕಾಲುದ್ದ ನೀರಿಗಿಳಿದು ಅವನನ್ನು ತಬ್ಬಿಕೊಂಡ. ಬಡ್ತಿ, ಕಚೇರಿ ಎಲ್ಲ ಮರೆತೇಹೋಗಿತ್ತು.

“ನಾನು ನೋಡ್ದೆ ಕಣೋ. ನೀನು ಒಳಗೆ ಹೋದೆ, ಇಲ್ಲವೇ ಇಲ್ಲ, ಮುಗೀತು ಅಂದ್ಕೊಂಡೆ, ಆಮೇಲೆ ನೋಡಿದ್ರೆ ಆ ಕಡೆ...”

ಸಲೂನಿನವನು ಅವನ ಹೆಗಲ ಮೇಲಿಂದ ಹೆಂಡತಿಯನ್ನು ನೋಡುತ್ತಿದ್ದ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

“ಮುಗೀತಾ?” ಎಂದು ಬೆರಳುಗಳ ಹಿಂದಿನಿಂದಲೇ ಕೇಳಿದಳು.

“ನೀನು ನೋಡ್ಲಿಲ್ವಾ?”

“ನೀವು ಎದ್ದು ನಿಂತಿದ್ದು ನೋಡ್ದೆ. ನೀರು ಮೇಲೆ ಬಿತ್ತು. ಆಮೇಲೆ ನನ್ನ ಕೈಲಾಗ್ಲಿಲ್ಲ ಕಣ್ರೀ.”

ಅವನು ಹತ್ತಿರ ಹೋಗಿ ಅವಳ ಕೈಗಳನ್ನು ಬಿಡಿಸಿದ. ಕೆನ್ನೆ ಒದ್ದೆಯಾಗಿತ್ತು. ಇಷ್ಟು ವರ್ಷ ಅವಳು ದಡಕ್ಕೆ ಬಾರದಿದ್ದದ್ದು ತಾತ್ಸಾರದಿಂದ ಎಂದುಕೊಂಡಿದ್ದ ತನ್ನ ಬೋಳುತಲೆಯ ದಡ್ಡತನಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಮುಚ್ಚಿಡಲಾಗದಷ್ಟು ಖುಷಿಯೂ ಆಯಿತು.

“ಇಷ್ಟು ಭಯ ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀವು ಹೋಗೋದು ಬಿಡ್ತಿದ್ರಿ. ಬಿಟ್ಟು ಮನೇಲಿ ಮುಖ ಸಪ್ಪಗೆ ಮಾಡ್ಕೊಂಡು ಕೂರ್ತಿದ್ರಿ.”

ಮೂಗು ಒರೆಸಿಕೊಂಡು, ಗಂಡನ ಒದ್ದೆ ತೋಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅವಳು ಅಣ್ಣನ ಕಡೆ ತಿರುಗಿದಳು.

“ಈಗ ಹೇಳಣ್ಣ. ನೀರು ಮೇಲೆ ಬಿತ್ತಲ್ಲ, ಅಲ್ಲಿಂದ ಹೇಳು.”