ಹೊಳೆಯಬಾರದಿದ್ದ ಲಾರಿ

ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ಓದಿ. ಆ ಸಂಜೆ ನಾನು ಕುಡಿದಿರಲಿಲ್ಲ, ನನಗೆ ಜ್ವರವೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು ಮಾತ್ರ. ಹೊಟ್ಟೆಕಿಚ್ಚಿಗೆ ಕಿವಿಯಲ್ಲಿ ದನಿ ಕೇಳಿಸುತ್ತದೆ ಅಂತ ಯಾವ ಡಾಕ್ಟರೂ ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಮಲ್ಲೇಶಿ. ಗೋಕಾವಿಯಲ್ಲಿ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುವ ಮನೆತನದವನು. ನನ್ನ ಗೆಳೆಯ ಜಿನ್ನಪ್ಪ ಅಂಕಲಗಿಯವನು, ಟ್ರ್ಯಾಕ್ಟರ್ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಶಾಲೆಯಿಂದಲೂ ನಾವು ಜೋಡಿ. ಜೋಡಿ ಅಂದರೆ, ಚಿತ್ರ ಇಬ್ಬರೂ ಬರೆಯುವುದು, ಶಾಬಾಸ್‌ಗಿರಿ ಅವನಿಗೆ ಸಿಗುವುದು!

ತೊಂಬತ್ತರ ದಶಕದ ಕೊನೆಯ ಮಾತು. ಘೋಡಗೇರಿಯ ಹವಾಲ್ದಾರ ಅಜ್ಜ ನಮ್ಮಿಬ್ಬರನ್ನೂ ಕರೆಸಿದ. ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಆಫ್ರಿಕಾದ ಮರಳುಗಾಡಿನಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು ಅವನು. ಹಡಗಿನಲ್ಲಿ ಕೆಲಸ ಮಾಡುವ ಅಳಿಯ ಅದೇ ನಮೂನೆಯ ಲಾರಿಯ ಪ್ಲಾಸ್ಟಿಕ್ ಮಾದರಿಗಳನ್ನು ಹೊರದೇಶದಿಂದ ತಂದುಕೊಟ್ಟಿದ್ದ. ಎರಡು ಪೆಟ್ಟಿಗೆ, ಒಳಗೆ ಬರೀ ಬಿಡಿಭಾಗ. ಅಂಟಿಸಿ ಬಣ್ಣ ಹಚ್ಚಿದರೆ ಗೇಣುದ್ದದ ಲಾರಿ.

“ಒಬ್ಬೊಬ್ರು ಒಂದೊಂದು ಮಾಡ್ರಿ. ಯಾವುದು ನನ್ನ ಗಾಡಿ ಅನಸ್ತೈತಿ, ಅದನ್ನ ಖಂಡೇನವಮಿಗೆ ಧೋಂಡಿಬಾನ ಫೋಟೋ ಮುಂದ ಇಟ್ಟು ಪೂಜಿ ಮಾಡ್ತೇನಿ,” ಅಂದ ಅಜ್ಜ. “ಒಂದ ಮಾತ ನೆನಪಿರ್ಲಿ... ಗಾಡಿ ಹೊಳೀಬಾರ್ದು.”

ಧೋಂಡಿಬಾ ಅಂದರೆ ಲಾರಿಯಲ್ಲಿ ಅಜ್ಜನ ಬಾಜೂ ಕೂರುತ್ತಿದ್ದ ಮರಾಠಿ ಜೊತೆಗಾರ. ಅಜ್ಜ ತಿರುಗಿ ಬಂದ, ಅವನು ಬರಲಿಲ್ಲ.

ಈ ಸಲ ಶಾಬಾಸ್‌ಗಿರಿ ನನಗೇ ಬೇಕಿತ್ತು. ಅದೂ ಜಿನ್ನಪ್ಪನ ಕಣ್ಣೆದುರಿಗೇ ಬೇಕಿತ್ತು. ಮರಳಿನ ಬಣ್ಣ ಕಲಸಿ ಜೀವ ಬಿಟ್ಟು ಕೆಲಸ ಮಾಡಿದೆ. ಕೊನೆಗೆ ಕೈ ಸುಮ್ಮನಿರಬೇಕಲ್ಲ... ನಮ್ಮ ಮನೆಯಲ್ಲಿ ಹೊಳಪಿಲ್ಲದ ಗೊಂಬೆ ಅಂದರೆ ಅರ್ಧ ಕೆಲಸ. ಅಂಥದ್ದನ್ನು ಅಪ್ಪ ನೋಡಿದ ಕೂಡಲೇ ಹಿಂದಕ್ಕೆ ತಳ್ಳುತ್ತಿದ್ದ. ತೆಳ್ಳಗೆ ವಾರ್ನಿಷ್ ಎಳೆದೇಬಿಟ್ಟೆ. ಲಾರಿ ಓಡಿಸಿದ ಮುದುಕನಿಗೆ ಬಣ್ಣದ ಕಸುಬು ಏನು ಗೊತ್ತು ಅಂದುಕೊಂಡೆ.

ಖಂಡೇನವಮಿ ಅಂದರೆ ನಮ್ಮ ಕಡೆಯ ಆಯುಧಪೂಜೆ, ಅದರ ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ಘೋಡಗೇರಿಗೆ ಹೋದೆವು. ಅಜ್ಜನ ಪಡಸಾಲೆಯ ಮೇಜಿನ ಮೇಲೆ ಎರಡೂ ಲಾರಿ ಇಟ್ಟ ಕೂಡಲೇ ನಾನು ಸೋತದ್ದು ಗೊತ್ತಾಯಿತು. ಆ ಜಿನ್ನಪ್ಪ ಇಟ್ಟಂಗಿ ಪುಡಿ, ಸೀಮೆಸುಣ್ಣದ ಪುಡಿ ಸೇರಿಸಿ ಗಾಲಿಗೆಲ್ಲ ಧೂಳು ತಿಕ್ಕಿದ್ದ. ಹೊಗೆ ಕೊಳವೆಯ ಸುತ್ತ ದೀಪದ ಮಸಿ. ಬಾಗಿಲ ಅಂಚಿನಲ್ಲಿ ಬಣ್ಣ ಎದ್ದು ಒಳಗಿನ ತುಕ್ಕು ಕಾಣುತ್ತಿತ್ತು. ಮುಂದಿನ ಗಾಜಿನ ಧೂಳಿನಲ್ಲಿ ವೈಪರ್ ಆಡಿದ ಗುರುತು ಕೂಡ! ಅದರ ಪಕ್ಕ ನನ್ನದು, ಮದುವೆ ದಿಬ್ಬಣಕ್ಕೆ ಹೊರಟ ಲಾರಿ.

ಅಜ್ಜ ಜಿನ್ನಪ್ಪನ ಲಾರಿ ನೋಡಿ ತಲೆದೂಗಿದ. ನನ್ನದು ನೋಡಿದವನೇ ಮುಖ ಗಂಟಿಕ್ಕಿಕೊಂಡ.

“ಮಲ್ಲೇಶಿ, ಏನ ಹೇಳಿದ್ನೋ ನಾ?”

“ಸ್ವಲ್ಪ ಹಚ್ಚೇನ್ರಿ ಅಜ್ಜಾ...”

“ಇರ್ಲಿ. ಊಟಾ ಮಾಡೂನು ಬರ್ರಿ ಮೊದಲ.”

ನನಗೆ ಹಸಿವಿಲ್ಲ ಅಂದೆ. ಅವರಿಬ್ಬರೂ ಅಡುಗೆಮನೆಗೆ ಹೋದರು. ನಾನು ಆ ಎರಡು ಲಾರಿಗಳ ಮುಂದೆ ಒಬ್ಬನೇ ಕುಳಿತೆ. ಒಳಗಿನಿಂದ ಜಿನ್ನಪ್ಪನ ನಗು ಕೇಳುತ್ತಿತ್ತು. ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕಿಸೆಯಲ್ಲಿದ್ದ ಬ್ಯಾಟರಿ ಹಚ್ಚಿ ಜಿನ್ನಪ್ಪನ ಲಾರಿಯ ಮೇಲೆ ಹಿಡಿದೆ. ಒಂದು ಸಲ ಹೆಬ್ಬೆರಳು ತಿಕ್ಕಿದರೆ ಇವನ ಧೂಳು, ಮಸಿ ಎಲ್ಲ ಒಂದಾಗಿ ಕೆಸರಾಗುತ್ತದೆ ಅನಿಸಿತು. ಖರೆ ಹೇಳುತ್ತೇನೆ, ಅನಿಸಿತು. ತಿಕ್ಕಲಿಲ್ಲ. ಬೆಳಕನ್ನು ನನ್ನ ಲಾರಿಯ ಕಡೆ ತಿರುಗಿಸಿದೆ. ವಾರ್ನಿಷ್ ಥಳಕ್ಕೆಂದು ಮಿಂಚಿತು, ಮಾಡಿನ ಜಂತಿಯ ಮೇಲೆ ಬೆಳಕಿನ ಬಿಲ್ಲೆ ಕುಣಿಯಿತು.

ಆಗಲೇ ಮೇಲೆ ಎಲ್ಲೋ... ದೂರದಲ್ಲಿ... ಗುಂಯ್ ಅನ್ನುವ ಸಪ್ಪಳ. ನಮ್ಮ ಕಡೆ ವಿಮಾನ ಎಲ್ಲಿಂದ ಬರಬೇಕು?

ಬ್ಯಾಟರಿ ಆರಿತು. ನಾನು ಆರಿಸಿರಲಿಲ್ಲ. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ... ಹತ್ತಲಿಲ್ಲ. ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು. ಅದರ ಹಿಂದೆ ಬಿಸಿಲಿಗೆ ಕಾದ ಮರಳಿನ ವಾಸನೆ.

“ಝಾಕ... ಝಾಕ ರೇ...”

ಮರಾಠಿ. ಮುಚ್ಚು, ಮುಚ್ಚೋ ಅಂತ. ನನ್ನ ಕಿವಿಯ ಪಕ್ಕದಲ್ಲೇ, ಏದುಸಿರು ಬಿಡುತ್ತಿದ್ದ ಗಂಡಸಿನ ದನಿ. ನನ್ನನ್ನು ಹೆದರಿಸುವ ದನಿಯಾಗಿರಲಿಲ್ಲ ಅದು. ಅವನೇ ಹೆದರಿದ್ದ.

ಮೇಜಿನ ಮೇಲೆ ಸರಸರ ಸದ್ದು ಶುರುವಾಯಿತು. ಯಾರೋ ಅಂಗೈಯಿಂದ ಏನನ್ನೋ ತಿಕ್ಕುತ್ತಿದ್ದರು... ಅವಸರದಿಂದ. ಅಡುಗೆಮನೆಯಲ್ಲಿ ಅಜ್ಜ, ಜಿನ್ನಪ್ಪ ಇಬ್ಬರೂ ಮಾತಾಡುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕೂಗದೆ ಕೂತಲ್ಲೇ ಹಿಂದಕ್ಕೆ ಸರಿದೆ.

ಮೇಲಿನ ಸಪ್ಪಳ ಹತ್ತಿರ ಬಂತು, ಮಾಡಿನ ಮೇಲೆ ಹಾದು ದೂರ ಹೋಯಿತು. ತಿಕ್ಕುವ ಸದ್ದೂ ನಿಂತಿತು. ಯಾರೋ ನಿಟ್ಟುಸಿರು ಬಿಟ್ಟರು. ಅದರ ಬಿಸಿ ನನ್ನ ಕೆನ್ನೆಗೆ ತಾಗಿತು.

“ಕತ್ತಲ್ಯಾಗ ಏನ ಮಾಡಾಕತ್ತೀಯೋ?” ಅಜ್ಜ ಕಂದೀಲು ಹಿಡಿದು ಬಂದ. ಹಿಂದೆ ಜಿನ್ನಪ್ಪ.

ಕಂದೀಲಿನ ಬೆಳಕಿನಲ್ಲಿ ನನ್ನ ಲಾರಿ ಹೊಳೆಯಲಿಲ್ಲ.

ಮೈತುಂಬ ಸಣ್ಣ ಮರಳು ಕೂತಿತ್ತು. ನಮ್ಮ ಹೊಳೆಯ ಮರಳಲ್ಲ, ಹಿಟ್ಟಿನಷ್ಟು ನುಣುಪು. ಎಣ್ಣೆ ಬಳಿದು ಎರಚಿದ ಹಾಗೆ ಅಂಟಿತ್ತು. ಮುಂದಿನ ಗಾಜು ಪೂರ್ತಿ ಮುಚ್ಚಿಹೋಗಿತ್ತು. ಡ್ರೈವರ್ ಬದಿಗೆ ಮಾತ್ರ ಜೋಳದ ಕಾಳಿನಷ್ಟು ಜಾಗ ಒರೆಸಿ ಬಿಟ್ಟಿತ್ತು.

ಅಜ್ಜ ಬಗ್ಗಿ ನೋಡಿದ. ಕಂದೀಲನ್ನು ಆ ಗಾಜಿನ ಹತ್ತಿರ ತಂದ.

“ಇದ... ಇದ ನನ್ನ ಗಾಡಿ.”

ಜಿನ್ನಪ್ಪ ನನ್ನ ಹೆಗಲಿಗೆ ಕೈ ಹಾಕಿದ. “ಲೇ ಮಲ್ಲೇಶಿ, ಊಟಾ ಮಾಡಿ ಬರೂದ್ರಾಗ ಇದನ್ನ ಹೆಂಗ ಮಾಡಿದ್ಯೋ? ಖರೇನ ಹೊಟ್ಟಿ ಉರಿಯಾಕತ್ತೈತಿ ನನಗ!”

ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಬಂತು. ತಗೊಳ್ಳಲು ಆಗಲಿಲ್ಲ.

“ಅಜ್ಜಾ... ನಾ ಮಾಡಿಲ್ರಿ ಇದನ್ನ,” ಅಂದೆ.

ಜಿನ್ನಪ್ಪ ನಕ್ಕ. ಅಜ್ಜ ನಗಲಿಲ್ಲ.

“ಗೊತ್ತೈತಿ. ಹೊಳಪ ಕಂಡ್ರ ವಿಮಾನ ಬರ್ತಾವಂತ ಧೋಂಡಿಬಾ ಎಣ್ಣಿ ಹಚ್ಚಿ ಮರಳ ತಿಕ್ಕಾಂವ. ನನ್ನ ಬದಿಗೆ ಇಷ್ಟ ಕಿಂಡಿ ಬಿಡ್ತಿದ್ದ, ತನ್ನ ಬದಿ ಪೂರಾ ಮುಚ್ಚತಿದ್ದ. ನೀ ನೋಡಿದ್ರ ಸಾಕು, ನಾ ಯಾಕ ನೋಡ್ಲಿ ಅಂತಿದ್ದ.” ಇಷ್ಟು ಹೇಳಿ ಅಜ್ಜ ಮೇಜಿನ ಬಾಜೂ ಇದ್ದ ಖಾಲಿ ಜಾಗ ನೋಡುತ್ತ ನಿಂತುಬಿಟ್ಟ.

ಆ ಲಾರಿಗೇ ಪೂಜೆಯಾಯಿತು. ಅಜ್ಜ ಈಗಿಲ್ಲ. ಆ ಧೂಳು ಹೇಗೆ ಕೂರಿಸಿದೆ ಅಂತ ಜಿನ್ನಪ್ಪ ಈಗಲೂ ಬೆನ್ನು ಬಿಡುವುದಿಲ್ಲ. ನಾನೂ ಎಷ್ಟೋ ಸಲ ಮಾಡಿ ನೋಡಿದ್ದೇನೆ, ಬರುವುದಿಲ್ಲ.

ಈಗ ಕರೆಂಟ್ ಹೋದರೆ ಮೊದಲು ನನ್ನ ಗೊಂಬೆಗಳ ಮೇಲೆ ಬಟ್ಟೆ ಎಳೆಯುತ್ತೇನೆ. ಮೊನ್ನೆ ಒಂದು ಕುದುರೆ ಗೊಂಬೆ ಮುಚ್ಚುವುದು ಮರೆತುಹೋಗಿತ್ತು. ದೀಪ ಬಂದಾಗ ನೋಡಿದರೆ ಹೊಳಪೇ ಇಲ್ಲ. ಮೈಮೇಲೆಲ್ಲ ಸಣ್ಣ ಮರಳು, ಒಂದು ಕಡೆಯೂ ಹೆಚ್ಚು ಕಡಿಮೆ ಇಲ್ಲದ ಹಾಗೆ.

ಹೆದರಿಕೆ ಆಮೇಲೆ ಬಂತು. ಮೊದಲು ಆ ಕೈಯ ಕೆಲಸಕ್ಕೆ ಹೊಟ್ಟೆ ಉರಿಯಿತು.