ನಾಲಿಗೆ ಚಾಚಿದ ಮುಖ

ಅಳಿಯ ಆಫೀಸಿನ ಕೆಲಸಕ್ಕೆಂದು ಹೆಲ್ಸಿಂಗ್‌ಬೋರ್ಯ್‌ಗೆ ಹೋಗಿದ್ದ ವಾರ ಅದು. ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟುನಾದ ಮನೆಯಲ್ಲಿ ನಾನು ಮತ್ತು ಏಳು ತಿಂಗಳ ಬಸುರಿ ಮಗಳು ಇಬ್ಬರೇ. ಹಿಂದಿನ ವರ್ಷ ಅವಳಿಗೆ ಐದನೇ ತಿಂಗಳಲ್ಲಿ ಒಂದು ಬಸಿರು ಕೈತಪ್ಪಿತ್ತು. ಆಗ ನಾನು ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ "ಬಿ ಬ್ರೇವ್" ಎಂದಿದ್ದೆ, ಅಷ್ಟೇ. ಈ ಸಲ ಮೊದಲೇ ಬಂದುಬಿಟ್ಟಿದ್ದೆ.

"ದಿನವಿಡೀ ನನ್ನ ಹೊಟ್ಟೇನೇ ನೋಡ್ತಾ ಕೂರ್ಬೇಡ, ಬಾ," ಎಂದು ಅವಳು ನನ್ನನ್ನು ಸ್ಟಾಕ್‌ಹೋಮಿನ ಒಂದು ಮ್ಯೂಸಿಯಮ್ಮಿಗೆ ಕರೆದೊಯ್ದಳು. ರೋಮನ್ನರಿಗೂ ಮುಂಚೆ ಇಟಲಿಯಲ್ಲಿದ್ದ ಎಟ್ರುಸ್ಕನ್ ಜನರ ಪಾಳು ಗುಡಿಯೊಂದನ್ನು ಕೆಲವು ತಿಂಗಳ ಮಟ್ಟಿಗೆ ಅಲ್ಲಿ ತಂದು ಜೋಡಿಸಿದ್ದರು. ಗುಡಿ ಅಂತ ಹೆಸರಿಗೆ. ದೊಡ್ಡ ಹಾಲಿನ ನೆಲದ ಮೇಲೆ ಅಡಿಪಾಯದ ಕಲ್ಲುಗಳು, ಕಂಬದ ಬುಡಗಳು, ಒಡೆದ ಹೆಂಚು, ಸಾಲಾಗಿ ಮೂರು ಗರ್ಭಗುಡಿಗಳ ಗುರುತು. ಕಲ್ಲು ಸಿಗದ ಕಡೆ ಬೂದು ಪಟ್ಟಿ ಎಳೆದಿದ್ದರು. ಒಳಗೆ ನಡೆದಾಡಬಹುದಿತ್ತು.

ಹೊಸ್ತಿಲಿದ್ದ ಜಾಗ ಬಂದಾಗ ನನ್ನ ಕಾಲು ತಾನಾಗಿ ನಿಂತಿತು.

"ಶೂ ಬಿಚ್ಬೇಡ ಅಮ್ಮ, ಗಾರ್ಡ್ ಬರ್ತಾನೆ."

"ಯಾರು ಬಿಚ್ತಾರೆ? ಲೇಸ್ ಲೂಸಾಗಿತ್ತು ಕಣೇ."

"ನಿನ್ನ ಶೂಗೆ ಲೇಸೇ ಇಲ್ಲ."

ಅವಳು ನಕ್ಕಳು. ಆಮೇಲೆ ಸಂಜೆಯವರೆಗೂ ನಗಲಿಲ್ಲ.

ನಡುವಿನ ಗರ್ಭಗುಡಿಯ ಹಿಂದೆ, ಗೋಡೆಯ ಮೇಲೆ, ಒಂದು ಮುಖವಿತ್ತು. ಸುಟ್ಟ ಮಣ್ಣಿನದು, ಸೂರಿನ ಅಂಚಿಗೆ ಕೂರಿಸುತ್ತಿದ್ದುದಂತೆ. ಉಬ್ಬಿ ಹೊರಬಂದ ಕಣ್ಣು, ಕೋರೆಹಲ್ಲು, ಗಲ್ಲದವರೆಗೆ ಚಾಚಿದ ನಾಲಿಗೆ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳಿಗೆ ನೇತುಹಾಕುವ ದೃಷ್ಟಿಬೊಂಬೆಯೇ, ಬಣ್ಣ ಮಾತ್ರ ಹೋಗಿತ್ತು. ಕೆಟ್ಟದ್ದು ಒಳಗೆ ಬಾರದಿರಲಿ ಎಂದು ಇಡುತ್ತಿದ್ದರು ಅಂತ ಮಗಳು ಬೋರ್ಡು ಓದಿ ಹೇಳಿದಳು. ಗುಡಿಯೇ ಬಿದ್ದುಹೋಗಿದೆ, ಇದು ಕಾದದ್ದೇನು ಎಂದು ಜೋಕ್ ಮಾಡಲು ತಿರುಗಿದೆ. ಅವಳು ಬೆಂಚಿನ ಮೇಲೆ ಕುಳಿತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು.

"ಅಮ್ಮ, ಬೆಳಿಗ್ಗೆಯಿಂದ ಇದು ಒದ್ದಿಲ್ಲ."

"ನಿದ್ದೆ ಮಾಡ್ತಿರುತ್ತೆ."

"ತಿಂಡಿ ತಿಂದ್ಮೇಲೆ ದಿನಾ ಒದಿಯುತ್ತೆ. ಹೋದ್ಸಲಾನೂ ಹೀಗೇ ಸುಮ್ನಾಗಿದ್ದು."

ಅವಳನ್ನು ಮೆಲ್ಲಗೆ ಕೆಫೆಗೆ ನಡೆಸಿಕೊಂಡು ಹೋದೆ. ಅವಳು ತಣ್ಣನೆಯ ಜ್ಯೂಸ್ ಕುಡಿಯುತ್ತಲೇ ಆಸ್ಪತ್ರೆಯ ಸೂಲಗಿತ್ತಿಗೆ ಫೋನ್ ಮಾಡಿದಳು. ನನಗೆ ಸ್ವೀಡಿಷ್ ಬಾರದು, ಮುಖವನ್ನೇ ನೋಡುತ್ತಿದ್ದೆ. ಅವಳು ಬರೀ "ಯಾ, ಯಾ" ಎನ್ನುತ್ತಿದ್ದಳು. ಕಾಯಬೇಡಿ, ಈಗಲೇ ಬನ್ನಿ ಎಂದರಂತೆ. ಟ್ಯಾಕ್ಸಿಗೆ ಹೇಳಿದ್ದಾಯಿತು; ಬರುವುದೊಂದು ಬಾಕಿ. ಸುತ್ತಲಿನ ಟೇಬಲ್ಲುಗಳಲ್ಲಿ ಜನ ಬನ್ನು ತಿನ್ನುತ್ತ ಮೆಲುದನಿಯಲ್ಲಿ ಮಾತಾಡುತ್ತಿದ್ದರು.

"ಅಮ್ಮ, ಏನಾದ್ರೂ ಮಾಡು."

"ಏನ್ ಮಾಡ್ಲಿ ಪುಟ್ಟಿ?"

"ಅಜ್ಜಿ ಮಾಡ್ತಿದ್ರಲ್ಲ. ಉಪ್ಪು."

ನನ್ನ ಅತ್ತೆ ಇವಳಿಗೆ ದೃಷ್ಟಿ ತೆಗೆಯುವಾಗಲೆಲ್ಲ ನಾನು ಪುಸ್ತಕ ಹಿಡಿದು ಪಕ್ಕದ ರೂಮಿಗೆ ಎದ್ದುಹೋಗುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇಂಥದ್ದಕ್ಕೆಲ್ಲ ಒಂದೇ ಮಾತು ಹೇಳುತ್ತಿದ್ದರು, ಸೂಪರ್‌ಸ್ಟಿಷನ್. ನನಗದು ಹಿತವಾಗಿ ಒಗ್ಗಿತ್ತು. ಮಗಳನ್ನೂ ಹಾಗೆಯೇ ಬೆಳೆಸಿದೆ. ಅವಳು ಇಂಜಿನಿಯರ್ ಆದಳು. ಈಗ ಅವಳೇ ಕೇಳುತ್ತಿದ್ದಾಳೆ, ನನಗೆ ಬಾರದು. ಅಷ್ಟು ಭಯ ನನಗೆ ಯಾವ ಪರೀಕ್ಷೆಯ ಹಾಲಿನಲ್ಲೂ ಆಗಿರಲಿಲ್ಲ.

ಟೇಬಲ್ಲಿನ ಮೇಲೆ ಸಕ್ಕರೆಯ ಪಕ್ಕ ಕಾಗದದ ಪುಟ್ಟ ಉಪ್ಪಿನ ಪೊಟ್ಟಣಗಳಿದ್ದವು. ಒಂದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದೆ. ನಿವಾಳಿಸುವುದು ಬಲದಿಂದಲೋ ಎಡದಿಂದಲೋ ತಿಳಿಯದೆ ಎರಡೂ ಕಡೆಯಿಂದ ಸುತ್ತಿದೆ. "ಹಾದಿ ಕಣ್ಣು, ಬೀದಿ ಕಣ್ಣು" ಎಂದು ಶುರುಮಾಡಿದೆ. ಮುಂದಿನದು ನೆನಪಿಗೆ ಬರಲಿಲ್ಲ. ಕೈ ಮಾತ್ರ ಸುತ್ತುತ್ತಲೇ ಇತ್ತು. ಖಾಲಿ ಬಿಟ್ಟರೆ ಎಲ್ಲಿ ಕೆಟ್ಟದಾಗುತ್ತದೋ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಬಂದದ್ದು ಕಾನ್ವೆಂಟಿನ ಹೇಲ್ ಮೇರಿ. ಆ ಪ್ರಾರ್ಥನೆ ಮುಗಿಯುವುದು ಸಾವು ಎಂಬ ಮಾತಿನಲ್ಲಿ. ಅದರ ಹತ್ತಿರ ಬಂದಾಗ ನಿಲ್ಲಿಸಿಬಿಟ್ಟೆ. ಮತ್ತೆ ಮೊದಲಿನಿಂದ ಹೇಳಿದೆ, ಮತ್ತೆ ಅಲ್ಲೇ ನಿಲ್ಲಿಸಿದೆ. ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಪಕ್ಕದ ಟೇಬಲ್ಲಿನ ಹೆಂಗಸು ನೋಡಿ, ತಕ್ಷಣ ತನ್ನ ಬನ್ನಿನ ಕಡೆ ತಿರುಗಿಕೊಂಡಳು.

ಅಷ್ಟರಲ್ಲಿ ಟ್ಯಾಕ್ಸಿ ಬಂತು.

ಆಸ್ಪತ್ರೆಯಲ್ಲಿ ಸೂಲಗಿತ್ತಿ, ನನ್ನ ಮಗಳಿಗಿಂತ ಚಿಕ್ಕವಳು, ಹೊಟ್ಟೆಗೆ ಜೆಲ್ ಹಚ್ಚಿ ಮಗುವಿನ ಎದೆಬಡಿತ ಕೇಳಿಸುವ ಉಪಕರಣವನ್ನು ಮೆಲ್ಲಗೆ ಸರಿಸತೊಡಗಿದಳು. ಬರೀ ಗರಗರ. ಇನ್ನೊಂದು ಕಡೆ ಇಟ್ಟಳು. ಮತ್ತೆ ಗರಗರ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಈ ದೇಶದವರ ಮುಖ ಓದುವುದು ನನಗೆ ಇವತ್ತಿಗೂ ಬಾರದು. ನನ್ನ ಕಣ್ಣೆದುರು ಸೂರು ಕಳೆದುಕೊಂಡ ಆ ಮುಖ, ಅದರ ಚಾಚಿದ ನಾಲಿಗೆ. ಅಷ್ಟು ಕಾದರೂ ಒಳಗೆ ಏನೂ ಉಳಿದಿರಲಿಲ್ಲವಲ್ಲ.

ಆಮೇಲೆ, ಯಾರೋ ಅವಸರದಲ್ಲಿ ಹೊಲಿಗೆ ಮೆಷಿನ್ ತುಳಿದಂಥ ಸದ್ದು.

ಸೂಲಗಿತ್ತಿ ಏನೋ ಹೇಳಿದಳು. ಮಗಳು ಅಳುತ್ತಲೇ ನನಗೆ ತಿಳಿಸಿದಳು: "ಇದೆ ಅಮ್ಮ. ಚೆನ್ನಾಗಿದೆಯಂತೆ. ಆದ್ರೂ ಸಂಜೆವರೆಗೂ ಹೊಟ್ಟೆಗೆ ಬೆಲ್ಟ್ ಕಟ್ಟಿ ನೋಡ್ತಾರಂತೆ."

ಸೂಲಗಿತ್ತಿ ಬೆಲ್ಟ್ ಕಟ್ಟಿ ಹೋದಳು; ಆ ಸದ್ದು ಮೆಷಿನ್ನಿನಿಂದ ಬರುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ದಿಂಬಿನಿಂದ ತಲೆಯೆತ್ತಿದಳು.

"ಉಪ್ಪು ಎಲ್ಲಿ ಹಾಕ್ದೆ?"

ಮುಷ್ಟಿ ಬಿಚ್ಚಿದೆ. ಬೆವರಿಗೆ ಕಾಗದ ಹರಿದು ಉಪ್ಪು ಅಂಗೈಗೆ ಮೆತ್ತಿಕೊಂಡಿತ್ತು.

"ನೀರಿಗೆ ಹಾಕ್ಬೇಕು ಅಲ್ವಾ," ಎಂದಳು ನನ್ನ ಇಂಜಿನಿಯರ್.

ಮೂಲೆಯ ಸಿಂಕಿನಲ್ಲಿ ನಲ್ಲಿ ತಿರುಗಿಸಿ ಕೈ ಒಡ್ಡಿದೆ. ಉಪ್ಪು ಹೋಯಿತು. ನೀರಿನ ಶಬ್ದದಲ್ಲಿ, ಬೆನ್ನ ಹಿಂದೆ ಬಡಿಯುತ್ತಿದ್ದ ಆ ಸದ್ದು ಕೇಳಿಸದೆ ಹೋಯಿತು. ಕೈ ಪೂರ್ತಿ ತೊಳೆಯುವ ಮೊದಲೇ ನಲ್ಲಿ ನಿಲ್ಲಿಸಿದೆ.